ಡಿಪೋದವರು ಹಾಕಿದ ಸೈ

ಅವರು ಸದಸ್ಯರಾಗಿ ಗೆದ್ದು ನಮ್ಮ ಗ್ರಾಮ ಪಂಚಾಯ್ತಿ ಕಚೇರಿಗೆ ಬಂದ ಮೊದಲ ದಿನ, ತೋರಿಸಿದ ಕುರ್ಚಿಯ ಮೇಲೆ ಕೂರಲಿಲ್ಲ. ಅದನ್ನು ಬುಡಮೇಲು ಮಾಡಿ, ನಾಲ್ಕು ಕಾಲುಗಳನ್ನೂ ಅಲ್ಲಾಡಿಸಿ ನೋಡಿ, ಅಂಗಿ ಜೇಬಿನಿಂದ ಸಣ್ಣದೊಂದು ಸ್ಪ್ಯಾನರ್ ತೆಗೆದು ಒಂದು ನಟ್ಟನ್ನು ಬಿಗಿ ಮಾಡಿದರು. ಆಮೇಲೆ ಪಕ್ಕದಲ್ಲಿ ಕುಳಿತಿದ್ದ ಅಧ್ಯಕ್ಷರ ಕಡೆ ತಿರುಗಿ, "ಒಂದ್ನಿಮಿಷ ಏಳ್ರಿ ಅಧ್ಯಕ್ಷರೆ, ನಿಮ್ದೂ ನೋಡಿಬಿಡ್ತೀನಿ" ಎಂದರು. ಹಾರ ಹಾಕಿಸಿಕೊಂಡು ಫೋಟೊಗೆ ಸಿದ್ಧರಾಗಿ ಕುಳಿತಿದ್ದ ಅಧ್ಯಕ್ಷರು ಏಳಲೇಬೇಕಾಯಿತು. ಆ ದಿನದ ಫೋಟೊದಲ್ಲಿ ಎಲ್ಲರೂ ಕ್ಯಾಮೆರಾ ನೋಡುತ್ತಿದ್ದಾರೆ. ಅವರೊಬ್ಬರು ಮಾತ್ರ ತಲೆ ಎತ್ತಿ ಫ್ಯಾನಿನ ಕೊಕ್ಕೆಯನ್ನು ನೋಡುತ್ತಿದ್ದಾರೆ.

ನಾನು ಆಗ ಆ ಪಂಚಾಯ್ತಿಯ ಕಾರ್ಯದರ್ಶಿ. ನ್ಯಾಮತಿ ಕಡೆಯ ಒಂದು ಊರು ಎಂದರೆ ಸಾಕು, ಹೆಸರು ಬೇಡ. ಸವಳಂಗದಲ್ಲಿ ಬಸ್ಸು ಇಳಿದು, ಯಾರದಾದರೂ ಬೈಕು ಸಿಕ್ಕರೆ ಹಿಂದೆ ಕುಳಿತು, ಸಿಗದಿದ್ದರೆ ಆಟೊಗೆ ಕಾದು ಹೋಗುತ್ತಿದ್ದೆ. ನನ್ನ ಗಂಡ ಮತ್ತು ಮಗಳು ಇದ್ದದ್ದು ಹೊನ್ನಾಳಿಯಲ್ಲಿ. ಅಲ್ಲಿಗೆ ವರ್ಗ ಮಾಡಿಸಿಕೊಳ್ಳಬೇಕೆಂಬುದೊಂದೇ ಆ ದಿನಗಳಲ್ಲಿ ನನ್ನ ತಲೆಯಲ್ಲಿದ್ದ ವಿಚಾರ.

ಅವರು ಸರ್ಕಾರಿ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಊರಿಗೆಲ್ಲ ಅವರು "ಡಿಪೋದೋರು". ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ, ನಾನೂ ಇಲ್ಲಿ ಕರೆಯುವುದಿಲ್ಲ. ಯಾರ ಮನೆಯ ಮೋಟಾರು ನಿಂತರೂ, ಯಾರ ಗಾಡಿ ಕೆಟ್ಟರೂ ಕಾಸು ಕೇಳದೆ ರಿಪೇರಿ ಮಾಡಿಕೊಡುತ್ತಿದ್ದರಿಂದ ಅವರ ವಾರ್ಡಿನವರು ಬಲವಂತ ಮಾಡಿ ಚುನಾವಣೆಗೆ ನಿಲ್ಲಿಸಿದ್ದರು. ಎತ್ತರದ ಆಳು. ಬೆರಳುಗಳ ಸಂದಿಯಲ್ಲಿ ಗ್ರೀಸಿನ ಕಪ್ಪು ಶಾಶ್ವತವಾಗಿ ಉಳಿದುಬಿಟ್ಟಿತ್ತು. ಟೀ ಲೋಟವನ್ನು ಅವರು ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಿದ್ದ ರೀತಿ ನೋಡಿದರೆ ಲೋಟ ಜಾರಿ ಬಿದ್ದೀತೆಂಬ ಅನುಮಾನ ಅವರಿಗೆ ಸದಾ ಇದ್ದಂತೆ ಕಾಣುತ್ತಿತ್ತು.

ಪಂಚಾಯ್ತಿಯಲ್ಲಿ ಸ್ಥಾಯಿ ಸಮಿತಿಗಳೆಂದು ಇರುತ್ತವೆ. ನೀರು, ದೀಪ, ಕಟ್ಟಡಗಳನ್ನು ನೋಡಿಕೊಳ್ಳುವುದೊಂದು, ಲೆಕ್ಕಪತ್ರ ನೋಡುವುದೊಂದು, ಹೀಗೆ. ಹೆಚ್ಚಿನ ಕಡೆ ಅವು ಪುಸ್ತಕದಲ್ಲಷ್ಟೇ ಸೇರುತ್ತವೆ. ನಮ್ಮಲ್ಲೂ ಹಾಗೇ ನಡೆದುಕೊಂಡು ಬಂದಿತ್ತು. ಅವರನ್ನು ನೀರು-ದೀಪದ ಸಮಿತಿಗೆ ಹಾಕಿದ್ದೂ ಬೇರೆ ಯಾರಿಗೂ ಅದು ಬೇಡವಾಗಿದ್ದರಿಂದ. ಮುಂದಿನ ಸೋಮವಾರ ಬೆಳಿಗ್ಗೆ ಅವರು ಕಚೇರಿಗೆ ಬಂದು, "ಸಮಿತಿ ಯಾವಾಗ ಹೊರಡ್ತೈತೆ ಮೇಡಮ್ಮೋರೆ?" ಎಂದು ಕೇಳಿದರು.

"ಎಲ್ಲಿಗೆ ಹೊರಡೋದು ಅಣ್ಣಾರೆ?" ಎಂದೆ.

"ನೋಡಾಕೆ. ಇಲ್ಲಿ ಕೂತ್ಕೊಂಡ್ರೆ ಕಂಬ ತಾನಾಗೇ ಬಂದು ನಿಲ್ತೈತಾ?"

ಹೊರಟೆವು. ಅವರು, ನಾನು, ನೀರುಗಂಟಿ ಹಾಲೇಶಪ್ಪ. ಟ್ಯಾಂಕಿಗೆ ನೀರು ಏರಿಸಿ ಬೀದಿಬೀದಿಗೆ ಬಿಡುವ ಕೆಲಸ ಹಾಲೇಶಪ್ಪನದು, ಡಿಪೋದವರ ಎದುರು ಮನೆಯವನು. ಇಬ್ಬರಿಗೂ ಬೆಳಗಿನ ಟೀ ಒಟ್ಟಿಗೇ, ಒಂದು ದಿನ ಈ ಕಟ್ಟೆ, ಒಂದು ದಿನ ಆ ಕಟ್ಟೆ. ಡಿಪೋದವರ ಕೈಯಲ್ಲಿ ಒಂದು ಸಣ್ಣ ಸುತ್ತಿಗೆ. ಬೀದಿ ದೀಪದ ಕಬ್ಬಿಣದ ಕಂಬಗಳಿಗೆ ಬುಡದಲ್ಲಿ ಎರಡು ಏಟು ಹೊಡೆದು, ಕಿವಿ ಕೊಟ್ಟು ಕೇಳುತ್ತಿದ್ದರು. ಡಿಪೋದಲ್ಲಿ ಗಾಲಿಯ ನಟ್ಟುಗಳನ್ನು ಹಾಗೇ ತಟ್ಟಿ ನೋಡುತ್ತಿದ್ದರಂತೆ. "ಗಟ್ಟಿ ಇದ್ದಿದ್ದು ಗಂಟೆ ಹೊಡ್ದಂಗೆ ಅಂತೈತೆ. ಸಡ್ಲ ಇದ್ದಿದ್ದು ಕೆಮ್ಮಿದಂಗೆ ಅಂತೈತೆ" ಎಂದು ನನಗೂ ಕೇಳಿಸಿದರು. ಶಾಲೆಯ ಅಡುಗೆ ಕೋಣೆಯಲ್ಲಿ ಗ್ಯಾಸಿನ ಪೈಪನ್ನು ಬಗ್ಗಿಸಿ, ಅದರಲ್ಲಿದ್ದ ಸೀಳನ್ನು ಅಡುಗೆಯಾಕೆಗೆ ತೋರಿಸಿದರು. ಆಕೆ ನಗುತ್ತಾ, "ನೀವು ಮನೀಗೆ ಬಂದ್ರೆ ಅನ್ನ ಉಣ್ಣಾಕೂ ಮುಂಚೆ ತಟ್ಟೆ ತಟ್ಟಿ ನೋಡ್ತೀರೇನೋ ಅಣ್ಣ" ಎಂದಳು. ಅವರೂ ನಕ್ಕರು. ಆದರೆ ಅವತ್ತೇ ನ್ಯಾಮತಿಗೆ ಹೋಗಿ ಹೊಸ ಪೈಪು ತಂದು ಹಾಕಿಸಿದರು.

ಲೆಕ್ಕದ ವಿಷಯದಲ್ಲೂ ಅಷ್ಟೆ. ಒಂದು ಸಲ ಚರಂಡಿ ದುರಸ್ತಿಯ ಬಿಲ್ಲು ಸಭೆಗೆ ಬಂತು. ಅವರು ಬಿಲ್ಲನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಎದ್ದು ಹೋದರು. ಅರ್ಧ ಗಂಟೆಯ ಮೇಲೆ ವಾಪಸ್ಸು ಬಂದು ಬಿಲ್ಲನ್ನು ಅಧ್ಯಕ್ಷರ ಮುಂದಿಟ್ಟು, "ಊರೆಲ್ಲ ತಿರುಗಿದೆ, ಈ ಚರಂಡಿ ನನಗೆ ಸಿಗ್ಲಿಲ್ಲ. ನಿಮಗೆ ಗೊತ್ತಿದ್ರೆ ಕರ್ಕೊಂಡು ಹೋಗ್ರಿ" ಎಂದರು. ದನಿ ಏರಿಸಲಿಲ್ಲ, ಯಾರನ್ನೂ ಕಳ್ಳ ಎನ್ನಲಿಲ್ಲ. ಆ ಬಿಲ್ಲು ಮತ್ತೆ ಬರಲಿಲ್ಲ. ಅಧ್ಯಕ್ಷರು ಅವರ ಮೇಲೆ ಒಳಗೊಳಗೇ ಕುದಿಯತೊಡಗಿದ್ದು ಆವತ್ತಿನಿಂದ.

ಯಾಕೆ ಇಷ್ಟೊಂದು ನೋಡುತ್ತೀರಿ ಎಂದು ನಾನೊಮ್ಮೆ ಕೇಳಿದ್ದೆ. ಶಾಲೆಯ ಜಗಲಿಯ ಮೇಲೆ ಕುಳಿತು ಮಂಡಕ್ಕಿ ತಿನ್ನುತ್ತಿದ್ದೆವು. ಅವರು ತಮ್ಮ ಹರೆಯದ ಒಂದು ಸಂಗತಿ ಹೇಳಿದರು. ಕೆಲಸಕ್ಕೆ ಸೇರಿದ ಹೊಸತು. ಒಂದು ಬೆಳಿಗ್ಗೆ ಜಗಳೂರಿಗೆ ಹೊರಡಬೇಕಾದ ಬಸ್ಸಿನ ಬ್ರೇಕು ನೋಡದೆಯೇ, ನೋಡಿದ್ದೇನೆಂದು ಹಾಳೆಗೆ ಸೈ ಮಾಡಿಬಿಟ್ಟಿದ್ದರು. ಡ್ರೈವರ್ ಅವಸರ ಮಾಡಿದ್ದ. ಬಸ್ಸು ಗೇಟು ದಾಟಿದ ಮೇಲೆ ಅವರು ಅದರ ಹಿಂದೆಯೇ ಗೇಟಿನ ತನಕ ಓಡಿದರು. ಆಗ ಫೋನು ಮಾಡಿ ಕೇಳುವ ಕಾಲವಲ್ಲ.

"ಬಸ್ಸು ಜಗಳೂರಿಗೆ ಹೋಗಿ ತಿರುಗಿ ಬರೋಮಟ ಗೇಟಿನಾಗೆ ನಿಂತಿದ್ದೆ ರೀ. ಊಟಕ್ಕೆ ಹೋಗ್ಲಿಲ್ಲ. ಒಂದೊಂದು ಬಸ್ಸು ಬಂದಾಗ್ಲೂ ಅದೇ ಏನೋ ಅಂತ ನೋಡೋದು. ಸಂಜಿ ಮುಂದ ಬಂತು. ಏನೂ ಆಗಿರ್ಲಿಲ್ಲ. ಡ್ರೈವರ್ ನಗ್ತಾ ಇಳಿದ. ನಾನು ಶೆಡ್ಡಿನ ಹಿಂದಕ್ಕೆ ಹೋಗಿ ಅತ್ತೆ."

"ಏನೂ ಆಗಿರಲಿಲ್ಲವಲ್ಲ?" ಎಂದೆ.

"ಆಗಿರ್ಲಿಲ್ಲ. ಅದು ನನ್ನ ಕೈಯಿಂದಲ್ಲ. ಬಸ್ಸಿನಾಗೆ ಕೂತಿದ್ದೋರ ಪುಣ್ಯದಿಂದ" ಎಂದರು.

ಇನ್ನು ಹೇಳಬೇಕಾದದ್ದನ್ನು ಹೇಳುತ್ತೇನೆ.

ಸಭೆಯ ನಡಾವಳಿ ಪುಸ್ತಕದಲ್ಲಿ ಸದಸ್ಯರು ಸೈ ಹಾಕುವುದು ಸಭೆಯ ಶುರುವಿನಲ್ಲಿ, ಖಾಲಿ ಹಾಳೆಯ ಕೆಳಭಾಗದಲ್ಲಿ, ಹಾಜರಿ ಎಂದು. ಏನು ತೀರ್ಮಾನವಾಯಿತು ಎಂಬುದನ್ನು ಕಾರ್ಯದರ್ಶಿ ಆಮೇಲೆ ಬಿಡುವಾದಾಗ ಆ ಹಾಳೆಯಲ್ಲಿ ತುಂಬಿಸುತ್ತಾರೆ. ಹಾಗೆ ಮಾಡಬಾರದು, ಆದರೂ ನಾನು ಹಾಗೇ ಮಾಡುತ್ತಿದ್ದೆ. ಡಿಪೋದವರು ಮೊದಮೊದಲು ಒಪ್ಪಲಿಲ್ಲ. "ನೀವು ಬರೀರಿ, ನಾನು ಓದಿ ಸೈ ಮಾಡ್ತೀನಿ. ಎಷ್ಟೊತ್ತಾದ್ರೂ ಕೂತಿರ್ತೀನಿ" ಎನ್ನುತ್ತಿದ್ದರು. ಎರಡು ಮೂರು ಸಭೆ ಹಾಗೇ ಕೂತರು. ನನ್ನ ಸವಳಂಗದ ಬಸ್ಸು ತಪ್ಪುತ್ತಿತ್ತು. ಒಂದು ದಿನ ನಾನು ಮುಖ ಸಣ್ಣದು ಮಾಡಿಕೊಂಡು, "ಅಣ್ಣಾರೆ, ನನ್ನ ಮೇಲೂ ನಿಮಗೆ ನಂಬಿಕೆ ಇಲ್ಲವಾ?" ಎಂದುಬಿಟ್ಟೆ.

ಅವರಿಗೆ ನಾಚಿಕೆಯಾದಂತೆ ಕಂಡಿತು. "ಛೆ ಛೆ, ಹಂಗಲ್ಲ ತಾಯಿ. ಚಟ ಅಷ್ಟೇ. ಕೊಡ್ರಿ ಇಲ್ಲಿ" ಎಂದು ಪುಸ್ತಕ ಎಳೆದುಕೊಂಡು ಸೈ ಹಾಕಿದರು. ಅವತ್ತಿನಿಂದ ಎಲ್ಲರ ಹಾಗೆ ಮೊದಲೇ ಹಾಕತೊಡಗಿದರು. ಜೀವಮಾನದ ಪದ್ಧತಿಯೊಂದನ್ನು ಆ ಮನುಷ್ಯ ನನ್ನೊಬ್ಬಳ ಮೇಲಿನ ದಾಕ್ಷಿಣ್ಯಕ್ಕೆ ಬಿಟ್ಟುಕೊಟ್ಟರು.

ಅದಾಗಿ ಕೆಲವು ತಿಂಗಳಿಗೆ ಊರಿನ ದೊಡ್ಡ ನೀರಿನ ಟ್ಯಾಂಕಿನ ವಿಷಯ ಬಂತು. ಕುಡಿಯುವ ನೀರಿನ ವ್ಯವಸ್ಥೆಯನ್ನೆಲ್ಲ ಪರಿಶೀಲಿಸಿದ್ದೇವೆ, ಸುಸ್ಥಿತಿಯಲ್ಲಿದೆ ಎಂದು ಪಂಚಾಯ್ತಿ ಠರಾವು ಮಾಡಿ ಸಭೆಯ ದಿನವೇ ಕಳಿಸಬೇಕಿತ್ತು. ಒಂದು ಪ್ರಶಸ್ತಿಗೆ ಊರಿನ ಹೆಸರು ಹೋಗುವುದಿತ್ತು, ಅಧ್ಯಕ್ಷರಿಗೆ ಅದರ ಆಸೆ. ಡಿಪೋದವರು ಹಿಂದಿನ ದಿನವೇ ಹಾಲೇಶಪ್ಪನ ಜೊತೆ ಹೋಗಿ ಟ್ಯಾಂಕು ನೋಡಿ ಬಂದಿದ್ದರು.

"ಟ್ಯಾಂಕು ಗಟ್ಟಿ ಐತೆ. ಏಣಿ ಸರಿಯಿಲ್ಲ" ಎಂದರು ಸಭೆಯಲ್ಲಿ. "ಮ್ಯಾಲಿನ ಮೂರು ಮೆಟ್ಲು ವೆಲ್ಡಿಂಗ್ ಬಿಟ್ಟಾವೆ. ತುಕ್ಕು ಒಳಗೆ ತಿಂದೈತೆ, ಬಣ್ಣ ಹೊಡ್ದಿರೋದ್ರಿಂದ ಕಾಣಲ್ಲ. ಬದ್ಲಾಯಿಸೋಮಟ ಯಾರೂ ಹತ್ತಬಾರ್ದು ಅಂತ ಬರೀರಿ ಮೇಡಮ್ಮೋರೆ."

"ಏಣಿ ಇನ್ನೊಂದು ತಿಂಗಳಿಗೆ ಮಾಡಿಸಿದ್ರಾತು ಬಿಡ್ರಿ" ಎಂದರು ಅಧ್ಯಕ್ಷರು.

"ಮಾಡಿಸ್ರಿ. ಅಲ್ಲೀಮಟ ಹತ್ತಬಾರ್ದು ಅಂತ ಬರೀಲಿ" ಎಂದು ನನ್ನ ಕಡೆ ನೋಡಿದರು. "ಬರ್ಕೊಂಡ್ರಾ?"

"ಬರೀತೀನಿ ಅಣ್ಣಾರೆ" ಎಂದೆ.

ಅವರು ಹೋದ ಮೇಲೆ ಅಧ್ಯಕ್ಷರು ನನ್ನ ಮೇಜಿನ ಹತ್ತಿರ ಬಂದು ನಿಂತರು. ನನ್ನ ವರ್ಗಾವಣೆಯ ಅರ್ಜಿಯ ವಿಷಯ ತೆಗೆದರು. ಹೊನ್ನಾಳಿಯಲ್ಲಿ ಜಾಗ ಖಾಲಿಯಾಗುತ್ತಿದೆಯಂತೆ, ತಾವೂ ಒಂದು ಮಾತು ಹೇಳುತ್ತಾರಂತೆ. ಆಮೇಲೆ, "ಅದೇನೋ ಏಣಿ ಗೀಣಿ ಬರ್ದು ಫೈಲು ವಾಪಸ್ ಬರೋ ಹಂಗೆ ಮಾಡಬ್ಯಾಡ್ರಿ" ಎಂದರು. ಬೆದರಿಸಲಿಲ್ಲ. ಬೆದರಿಸಿದ್ದರೆ ನನಗೆ ಸಿಟ್ಟಾದರೂ ಬರುತ್ತಿತ್ತು.

ನಾನು ಬರೆದೆ. ಎಲ್ಲವೂ ಸುಸ್ಥಿತಿಯಲ್ಲಿದೆ, ಸರ್ವಾನುಮತದಿಂದ ಒಪ್ಪಲಾಯಿತು ಎಂದು ಬರೆದೆ. ಅದರ ಕೆಳಗೆ ಡಿಪೋದವರ ಸೈ ಆಗಲೇ ಇತ್ತು, ಉದ್ದುದ್ದ ಅಕ್ಷರದ್ದು, ಕೊನೆಯಲ್ಲಿ ಒಂದು ಚುಕ್ಕೆ. ಮುಂದಿನ ಸಭೆಯಲ್ಲಿ ಏಣಿಯದನ್ನು ಸೇರಿಸಿಬಿಡುತ್ತೇನೆ, ಅಷ್ಟರಲ್ಲಿ ಯಾರು ಹತ್ತುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಮನೆಗೆ ಹೋಗಿ ನಿದ್ದೆಯನ್ನೂ ಮಾಡಿದೆ.

ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕುವ ದಿನ ಬಂದಾಗ ಹಾಲೇಶಪ್ಪ ಹತ್ತುವುದಿಲ್ಲ ಎಂದ. "ಡಿಪೋದೋರು ಬ್ಯಾಡ ಅಂದಾರ್ರಿ" ಎಂದ. ಅಧ್ಯಕ್ಷರು ಅವನನ್ನು ಕಚೇರಿಗೆ ಕರೆಸಿ ಪುಸ್ತಕ ತೆಗೆಸಿದರು. ಅವನಿಗೆ ಓದಲು ಬರುತ್ತಿತ್ತು. "ನೋಡು, ಎಲ್ಲ ಚೆನ್ನಾಗೈತೆ ಅಂತ ಬರ್ದು ನಿಮ್ಮ ಡಿಪೋದೋರೇ ಸೈ ಮಾಡ್ಯಾರೆ. ನಿನ್ನ ಮುಂದೊಂದು ಹೇಳ್ತಾರೆ, ಇಲ್ಲೊಂದು ಮಾಡ್ತಾರೆ" ಎಂದರು. ನಾನು ಅಲ್ಲೇ ಇದ್ದೆ. ಕಂದಾಯದ ರಸೀದಿ ಬರೆಯುತ್ತಿದ್ದೆ. ತಲೆ ಎತ್ತಲಿಲ್ಲ. ಹಾಲೇಶಪ್ಪ ಆ ಸೈಯನ್ನು ಸ್ವಲ್ಪ ಹೊತ್ತು ನೋಡಿ, ಪುಡಿಯ ಚೀಲ ಹೆಗಲಿಗೆ ಹಾಕಿಕೊಂಡು ಹೋದ. ಆಗಲೂ ನಾನು ಬಾಯಿ ತೆರೆದಿದ್ದರೆ ಸಾಕಿತ್ತು. ಟ್ಯಾಂಕು ಕಚೇರಿಯಿಂದ ಕೂಗಳತೆಯ ದೂರ.

ಮೇಲಿನಿಂದ ಎರಡನೆಯ ಮೆಟ್ಟಿಲು ಕಿತ್ತು ಬಂತು. ಜೀವ ಉಳಿಯಿತು. ಸೊಂಟ ಮತ್ತು ಬಲಗಾಲು ಹೋದವು. ಶಿವಮೊಗ್ಗದ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಇದ್ದು, ವಾಕರ್ ಹಿಡಿದು ಊರಿಗೆ ಬಂದ. ನೀರು ಬಿಡುವ ಕೆಲಸಕ್ಕೆ ಅವನ ಹೆಂಡತಿಯನ್ನು ತೆಗೆದುಕೊಂಡರು. ಅವನು ಬಿದ್ದ ವಾರದೊಳಗೆ ಹೊಸ ಏಣಿಯೂ ಬಂತು.

ವಿಚಾರಣೆ ಮುಗಿದ ಮೇಲೊಂದು ದಿನ ಡಿಪೋದವರು ಆಸ್ಪತ್ರೆಗೆ ಹೋದಾಗ ಹಾಲೇಶಪ್ಪ ಕೇಳಿದ್ದು ಒಂದೇ ಪ್ರಶ್ನೆಯಂತೆ. "ಆ ಪುಸ್ತಕದಾಗೆ ನೀವು ಸೈ ಮಾಡಿದ್ದು ಖರೇನಾ?" ಡಿಪೋದವರು "ಹೌದಪ್ಪ, ನಂದೇ ಸೈ" ಎಂದರಂತೆ. ಮುಂದೆ ಏನೂ ಹೇಳಲಿಲ್ಲ. ಹಾಲೇಶಪ್ಪ ಗೋಡೆಯ ಕಡೆ ಮುಖ ತಿರುಗಿಸಿದನಂತೆ.

ಆ ವಿಚಾರಣೆಗೆ ಒಬ್ಬ ಅಧಿಕಾರಿ ಬಂದಿದ್ದರು. ಎಲ್ಲ ಸದಸ್ಯರನ್ನೂ ಕೂರಿಸಿಕೊಂಡು ಪುಸ್ತಕ ತೆರೆದರು. ನಾನು ಪಕ್ಕದಲ್ಲಿ ನಿಂತಿದ್ದೆ, ನನ್ನದೇ ಕೈಬರಹ ಕಣ್ಣ ಮುಂದಿತ್ತು. ಏಣಿಯ ವಿಷಯ ಯಾರಾದರೂ ಎತ್ತಿದ್ದಿರಾ ಎಂದು ಅಧಿಕಾರಿ ಕೇಳಿದಾಗ ಸದಸ್ಯರೆಲ್ಲ ಅಧ್ಯಕ್ಷರ ಮುಖ ನೋಡಿದರು. ಡಿಪೋದವರು ಎದ್ದು ನಿಂತು, "ನಾನು ಹೇಳಿದ್ದೆ ಸಾರ್" ಎಂದರು.

"ಇದರಲ್ಲಿ ಹಾಗೆ ಇಲ್ಲವಲ್ಲ. ಸರ್ವಾನುಮತ ಅಂತಿದೆ. ಇದು ನಿಮ್ಮ ಸಹಿ ಅಲ್ಲವೇ?"

ಅವರು ಹತ್ತಿರ ಬಂದು, ಬಾಗಿ, ಬೆರಳಿಟ್ಟುಕೊಂಡು ನಾನು ಬರೆದದ್ದನ್ನು ಪೂರ್ತಿ ಓದಿದರು. ಎರಡು ಸಲ ಓದಿದರು. ಆಮೇಲೆ ನನ್ನ ಕಡೆ ನೋಡಿದರು. ನಾನು ಈಗ ಎಷ್ಟು ನೆನೆದರೂ ಆ ನೋಟದಲ್ಲಿ ಸಿಟ್ಟು ಸಿಗುವುದಿಲ್ಲ. ಅನಿರೀಕ್ಷಿತವಾಗಿ ಕಾಲು ಜಾರಿದವರ ಮುಖದಲ್ಲಿ ಒಂದು ಕ್ಷಣ ಕಾಣುವಂಥದ್ದು ಅಷ್ಟೇ ಇತ್ತು.

"ನಂದೇ ಸೈ ಸಾರ್" ಎಂದರು. "ಓದದೆ ಹಾಕಿದ್ದು. ತಪ್ಪು ನಂದು."

"ಯಾರಾದರೂ ಬದಲಾಯಿಸಿ ಬರೆದರು ಅಂತೀರಾ?"

"ನಾನು ಯಾರ ಮ್ಯಾಲೂ ಹೇಳಾಕೆ ಬಂದಿಲ್ಲ. ಓದಿದ್ದಿದ್ರೆ ಹಾಲೇಶ ಹತ್ತುತ್ತಿರ್ಲಿಲ್ಲ. ಅಷ್ಟು ಬರ್ಕೊಳ್ರಿ."

ನಾನು ಮಾತಾಡಲಿಲ್ಲ. ಗಂಟಲಲ್ಲಿ ಮಾತು ಬಂದು ನಿಂತಿತ್ತು ಎಂದೆಲ್ಲ ಹೇಳಿಕೊಳ್ಳಲಾರೆ. ಬಂದಿರಲಿಲ್ಲ. ಕೆಲಸ ಹೋಗುತ್ತದೆ, ಮಗಳ ಶಾಲೆ, ಮನೆಯ ಸಾಲ, ಇವೇ ಇದ್ದವು ಒಳಗೆ. ಎಲ್ಲ ಮುಗಿದು ಜಗಲಿಗೆ ಬಂದಾಗ ಅವರು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು. ಏನಾದರೂ ಅಂದಾರು ಎಂದು ಮೈ ಹಿಡಿ ಮಾಡಿಕೊಂಡು ನಿಂತೆ. "ಬಸ್ಸಿನ ಹೊತ್ತಾತಲ್ರಿ ಮೇಡಮ್ಮೋರೆ, ಹೋಗ್ರಿ, ಮಗಳು ಕಾಯ್ತಿರ್ತಾಳೆ" ಎಂದರು. ಅದೇ ಅವರು ನನ್ನ ಜೊತೆ ಆಡಿದ ಕೊನೆಯ ಮಾತು.

ಎರಡು ತಿಂಗಳಲ್ಲಿ ನನಗೆ ಹೊನ್ನಾಳಿಗೆ ವರ್ಗವಾಯಿತು. ಆಮೇಲೆ ಚನ್ನಗಿರಿ ತಾಲ್ಲೂಕಿಗೆ ಬಂದೆ. ಅವರ ಸುದ್ದಿಯನ್ನು ಶಾಲೆಯ ಅಡುಗೆಯಾಕೆ ಆಗಾಗ ಫೋನಿನಲ್ಲಿ ಹೇಳುತ್ತಿದ್ದಳು. ಅವರು ಸದಸ್ಯತ್ವಕ್ಕೆ ರಾಜೀನಾಮೆ ಕೊಟ್ಟರು. ಮೋಟಾರು ನೋಡಲು ಕರೆದರೆ, "ಬ್ಯಾರೆ ಯಾರಿಗಾದ್ರೂ ತೋರಿಸ್ರಪ್ಪ, ನಾನು ಹೇಳಿದ್ದನ್ನ ನಂಬಬ್ಯಾಡ್ರಿ" ಎನ್ನುತ್ತಿದ್ದರಂತೆ. ಹಾಲೇಶಪ್ಪ ಹಿಡಿದುಕೊಂಡು ಹತ್ತಲಿ ಎಂದು ಅವನ ಮನೆಯ ಮೆಟ್ಟಿಲಿಗೆ ಒಂದು ಕಬ್ಬಿಣದ ಕಂಬಿ ಮಾಡಿಸಿ ಕಳಿಸಿದರು. ಹಾಲೇಶಪ್ಪನ ಹೆಂಡತಿ ಅದನ್ನು ತಂದು ಇವರ ಅಂಗಳದಲ್ಲೇ ಒಗೆದು ಹೋದಳು. "ಸೈ ಮಾಡೋರ ಕಂಬಿ ನಮಗೆ ಬ್ಯಾಡ" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳಂತೆ. ಇದನ್ನು ಹೇಳುವಾಗ ಅಡುಗೆಯಾಕೆಗೆ ನಿಜ ಸಂಗತಿ ಗೊತ್ತಿರಲಿಲ್ಲ. "ಡಿಪೋದೋರು ಹಂಗ ಮಾಡಬಾರ್ದಿತ್ತು ಅಲ್ರೀ ಮೇಡಂ?" ಎಂದು ನನ್ನನ್ನೇ ಕೇಳಿದಳು. ನಾನು ಹೂಂ ಎಂದೆನೋ ಏನೋ. ಫೋನು ಇಟ್ಟೆ.

ಹೋಗಿ ಹೇಳಬೇಕೆಂದು ಎಷ್ಟೋ ಭಾನುವಾರ ಅಂದುಕೊಂಡೆ. ಒಮ್ಮೆ ಸವಳಂಗದ ತನಕ ಹೋಗಿ, ಹೋಟೆಲಿನಲ್ಲಿ ಟೀ ಕುಡಿದು, ಎದುರಿಗೆ ಬಂದ ಬಸ್ಸು ಹತ್ತಿ ವಾಪಸ್ಸು ಬಂದೆ. ಹಾಗೆ ಮೂರು ವರ್ಷ ಕಳೆಯಿತು.

ಅವರು ತೀರಿಕೊಂಡದ್ದನ್ನು ಹೇಳಿದವಳೂ ಅಡುಗೆಯಾಕೆಯೇ. ಎದೆನೋವಂತೆ. ನಾನು ಹೋಗುವ ಹೊತ್ತಿಗೆ ಮಣ್ಣು ಮಾಡಿ ನಾಲ್ಕು ದಿನವಾಗಿತ್ತು. ಅವರ ಮನೆಗೆ ಕಾಲಿಡುವ ಧೈರ್ಯ ಬರಲಿಲ್ಲ. ಎದುರು ಮನೆಯ ಕಟ್ಟೆಯ ಮೇಲೆ ಹಾಲೇಶಪ್ಪ ಕುಳಿತಿದ್ದ, ವಾಕರ್ ಪಕ್ಕದಲ್ಲಿತ್ತು. ಅವನ ಮುಂದೆ ನಿಂತುಕೊಂಡೇ ಹೇಳಿದೆ. ಏಣಿ ಸರಿಯಿಲ್ಲ ಎಂದು ಅವರು ಸಭೆಯಲ್ಲಿ ಹೇಳಿದ್ದರು, ಯಾರೂ ಹತ್ತಬಾರದು ಎಂದು ಬರೆಯಲು ಹೇಳಿದ್ದರು, ನಾನು ಬರೆಯಲಿಲ್ಲ, ಅವರು ಸೈ ಹಾಕಿದ್ದು ಖಾಲಿ ಹಾಳೆಗೆ ಎಂದೆ. ಮೇಲಿನವರಿಗೂ ಬರೆದು ಕೊಡುತ್ತೇನೆ ಎಂದೆ. ಕೊಟ್ಟೂ ಇದ್ದೇನೆ, ಅದರ ಫಲ ಏನು ಬರುತ್ತದೋ ಬರಲಿ.

ಹಾಲೇಶಪ್ಪ ಎದುರು ಮನೆಯ ಬಾಗಿಲ ಕಡೆ ನೋಡಿದ.

"ಮತ್ತೆ ನಾನು ಕೇಳ್ದಾಗ ಯಾಕೆ ಹೇಳ್ಲಿಲ್ಲ ಅವರು?" ಎಂದ.

"ಗೊತ್ತಿಲ್ಲ ಹಾಲೇಶಪ್ಪ."

"ಮೂರು ವರ್ಷ ರೀ ಮೇಡಂ. ದಿನಾ ಬೆಳಿಗ್ಗೆ ಅವರು ಟೀ ಹಿಡ್ಕೊಂಡು ಬಾಗ್ಲಿಗೆ ಬರ್ತಿದ್ರು. ನಾನು ಮಖ ತಿರುಗಿಸ್ತಿದ್ದೆ. ಸತ್ತಾಗ್ಲೂ ಹೋಗ್ಲಿಲ್ಲ ನಾನು. ಇಲ್ಲೇ ಕೂತಿದ್ದೆ."

ನನ್ನನ್ನು ಬೈಯುತ್ತಾನೆಂದು ಕಾದೆ. ಅವನು ಬೈಯಲಿಲ್ಲ. ವಾಕರ್ ಎಳೆದುಕೊಂಡು ಎದ್ದ. ನಾನು ಹಿಡಿಯಲು ಹೋದರೆ ಬೇಡವೆಂದು ಕೈ ಆಡಿಸಿ, ಒಂದೊಂದೇ ಹೆಜ್ಜೆ ಇಡುತ್ತಾ ಬೀದಿ ದಾಟಿದ. ನಾನು ಹಿಂದೆ ಹೋದೆ. ಡಿಪೋದವರ ಹೆಂಡತಿ ನಡುಮನೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದರು. ಹಾಲೇಶಪ್ಪ ಬಾಗಿಲ ಚೌಕಟ್ಟು ಹಿಡಿದು ನಿಂತು, "ಅತ್ತಿಗಿ, ಅಣ್ಣ ತಪ್ಪು ಮಾಡಿರ್ಲಿಲ್ಲಂತೆ" ಎಂದವನು ಮಗುವಿನ ಹಾಗೆ ಅಳತೊಡಗಿದ.

ಆಕೆ ಅವನನ್ನು ಹಿಡಿದು ಕೂರಿಸಿದರು. "ನನಗೆ ಗೊತ್ತಿತ್ತು ಹಾಲೇಶ" ಎಂದರು. "ನಾನಾದ್ರೂ ಹೋಗಿ ಹೇಳ್ತೀನಿ ಅಂತ ಎಷ್ಟು ಸಲ ಅಂದೀನಿ. ಬ್ಯಾಡ ಅಂದ್ರು." ಆಮೇಲೆ ಬಾಗಿಲಾಚೆ ನಿಂತಿದ್ದ ನನ್ನ ಕಡೆ ತಿರುಗಿದರು. "ಆ ಹೆಣ್ಮಗಳು ಕೆಟ್ಟೋಳಲ್ಲ, ಹೆದ್ರಿಕೊಂಡಾಳೆ. ನಾವು ಹೇಳಿದ್ರೆ ಆಕೆ ಕೆಲ್ಸ ಹೋಗ್ತೈತೆ. ಒಂದಿನ ತಾನೇ ಬಂದು ಹೇಳ್ತಾಳೆ, ಅಲ್ಲೀಮಟ ತಡಿ ಅಂತಿದ್ರು."

ನಾನು ಹೊಸ್ತಿಲ ಮೇಲೆ ಕುಳಿತೆ. ಆಕೆ ಎದ್ದು ಬಂದು ನನ್ನ ಮುಂದೆ ಒಂದು ಲೋಟ ನೀರು ಇಟ್ಟರು.

"ಬಂದ್ಯಲ್ಲವ್ವ" ಎಂದರು. "ನಾಕು ದಿನ ತಡ ಆತು, ಅಷ್ಟೇ."